ಖಾದರ್ ಸಾಹೇಬರ ಹುಲ್ಲಿನ ಕೈ

ಯಾವ ಹೊಸ ವಸ್ತು ಕಂಡರೂ ಅದು ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದು ಖಾದರ್ ಸಾಹೇಬರ ಚಟ. ನಾನು ಕೊಂಡ ಹೊಸ ಕೊಡೆಯನ್ನೂ ಬಿಡಲಿಲ್ಲ. ಬಿಚ್ಚಿ ಮಡಚಿ ಒಂದು ಕಡ್ಡಿ ಮುರಿದೇಬಿಟ್ಟರು. "ನೋಡ್ರಿ ಸರೋಜವ್ವಾ, ಮಳ್ಯಾಗ ಮುರಿಯೋದು ಇಲ್ಲೇ ಮುರೀತು," ಎಂದು ನಕ್ಕು, ಸಂಜೆಯೊಳಗೆ ರಿಪೇರಿ ಮಾಡಿಸಿ ತಂದುಕೊಟ್ಟರು.

ಎಪ್ಪತ್ತರ ದಶಕದ ಕೊನೆ. ರಾಯಚೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಇಂಜಿನಿಯರು, ನಾನು ನಕ್ಷೆ ಬರೆಯುವವಳು. ಮಾಲೀಕ ಶರಣಪ್ಪನವರಿಗೆ ಜೋಳದ ತೆನೆಯಿಂದ ಕಾಳು ಬಿಡಿಸುವ ರಾಶಿ ಮಷೀನು ಮಾಡಿ ಆ ಸುಗ್ಗಿಗೇ ಮಾರುವ ಆತುರ.

"ಬೆಲ್ಟು, ಜರಡಿ ನಮಗ ಗೊತ್ತಿದ್ದದ್ದು. ಅವು ಆಮ್ಯಾಲ," ಎಂದರು ಸಾಹೇಬರು. "ತೆನಿ ನುಂಗೋ ಬಾಯಿ ಗೊತ್ತಿಲ್ಲ. ಅದೊಂದ ಮೊದ್ಲ ಮಾಡೂಣು. ಅದು ಪಾಸಾಗೋತನಕ ಉಳಿದದ್ದಕ್ಕ ಕಬ್ಬಿಣ ತರಬ್ಯಾಡ್ರಿ."

"ಬರೇ ಬಾಯಿ ಮಾಡಿ ಏನ್ ಮಾಡ್ತೀರಿ?" ಎಂದರು ಶರಣಪ್ಪನವರು.

"ಏನೇನು ತಿಂತದ ಅಂತ ನೋಡ್ತೀನ್ರಿ."

ದೇವದುರ್ಗದ ಕಡೆ ಜಾಲಹಳ್ಳಿಯ ಒಂದು ಕಣದಲ್ಲಿ ಆ ಬಾಯಿಯನ್ನು ಟ್ರ್ಯಾಕ್ಟರಿಗೆ ಜೋಡಿಸಿದೆವು. ಸಾಹೇಬರು ತಮ್ಮ ಹಳೆಯ ಅಂಗಿಯ ತೋಳಿಗೆ ಹುಲ್ಲು ತುಂಬಿ, ಕೋಲಿಗೆ ಕಟ್ಟಿ, ತೆನೆಯ ಜೊತೆ ಒಳಗೆ ತಳ್ಳಿದರು. ಕಣ್ಣು ಮಿಟುಕಿಸುವುದರೊಳಗೆ ತೋಳು ಮಾಯವಾಗಿ ಆಚೆ ಕಡೆ ಚಿಂದಿ ಚಿಂದಿಯಾಗಿ ಬಿತ್ತು. ಸುತ್ತ ನಿಂತಿದ್ದ ಹೆಂಗಸರಲ್ಲಿ ಒಬ್ಬಾಕೆ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಶರಣಪ್ಪನವರ ಮುಖ ಬಿಳಿಚಿಕೊಂಡಿತು. ಆದರೂ, "ಹುಷಾರ್ ಅಂತ ಬೋರ್ಡ್ ಬರಸೂಣ್ರಿ. ಸುಗ್ಗಿ ತಪ್ಪಿದ್ರ ಧಂದೆ ಹೋತು," ಎಂದರು.

"ಸುಗ್ಗಿ ಮತ್ತ ಬರ್ತದ್ರೀ. ಕೈ ಬರಂಗಿಲ್ಲ."

ಆ ವರ್ಷ ನಾವು ಒಂದು ಮಷೀನನ್ನೂ ಮಾರಲಿಲ್ಲ. ಬೇರೆ ಊರಿನ ಮಷೀನುಗಳು ನಮ್ಮ ಬಾಗಿಲ ಮುಂದೆಯೇ ಹಾದುಹೋದವು. ಶರಣಪ್ಪನವರು ಸಾಹೇಬರ ಜೊತೆ ಮಾತು ಬಿಟ್ಟರು. ಕೆಲಸದಿಂದ ಮಾತ್ರ ಬಿಡಿಸಲಿಲ್ಲ. ಸಾಹೇಬರು ಬಾಯಿಯ ಮುಂದೆ ತೆನೆ ಜಾರಿ ಹೋಗಲು ಉದ್ದನೆಯ ತಗಡಿನ ದೋಣಿ ಕೂಡಿಸಿದರು, ಅದಕ್ಕೆ ಮೇಲೊಂದು ಮುಚ್ಚಳ ಹಾಕಿದರು. ಒಣ ತೆನೆ, ಹಸಿ ತೆನೆ, ಎಲ್ಲವನ್ನೂ ಹಾಕಿ ನೋಡಿದರು. ಒಮ್ಮೆ ಒಳಗಿನ ಹಲ್ಲೊಂದು ಮುರಿದು ಸಿಡಿದು, ಅಡ್ಡ ಇಟ್ಟಿದ್ದ ಮರಳಿನ ಚೀಲಕ್ಕೆ ನಾಟಿತು. ಪ್ರತಿ ಪರೀಕ್ಷೆಗೂ ಮುಂಚೆ ನಮ್ಮನ್ನು ಕೂಡಿಸಿಕೊಂಡು, "ಇದು ಸೋತ್ರ ಮುಂದೇನು, ಈಗ ಹೇಳ್ರಿ. ಸೋತ ಮ್ಯಾಲ ತಲಿ ಓಡಂಗಿಲ್ಲ," ಎನ್ನುತ್ತಿದ್ದರು.

ಮರುವರ್ಷ ಮಾನ್ವಿಯ ಹೊಲವೊಂದರಲ್ಲಿ ಹೊಸದೊಂದು ಹುಲ್ಲಿನ ಕೈಯನ್ನು ದೋಣಿಯೊಳಗೆ ಹೆಗಲಿನವರೆಗೆ ಚಾಚಿದರೂ ಬಾಯಿಗೆ ಎಟುಕಲಿಲ್ಲ. ಶರಣಪ್ಪನವರು ಮುಂದೆ ಬಂದು ಅದನ್ನು ತಾವೇ ಹೊರಗೆಳೆದು, ಆ ಹುಲ್ಲಿನ ಕೈಯನ್ನೇ ಹಿಡಿದು ಕುಲುಕಿದರು. "ಸಲಾಮ್ರೀ ಸಾಹೇಬ್ರ. ಇನ್ನ ಕಬ್ಬಿಣ ತರಸ್ಲ್ಯಾ?"

ಸಾಹೇಬರು ನಿವೃತ್ತರಾದ ಮೇಲೆ ಒಮ್ಮೆ ಕವಿತಾಳದ ಬಸ್ಸಿಗೆ ಕಾಯುತ್ತ ಸಿಕ್ಕರು. ಪಕ್ಕದ ಹೊಲದಲ್ಲಿ ನಮ್ಮ ಮಷೀನು ಓಡುತ್ತಿತ್ತು. ನೋಡಲು ಹೋದೆವು. ತೆನೆ ಹಾಕುತ್ತಿದ್ದ ಹೆಣ್ಣುಮಗಳು ಮಷೀನು ನಿಲ್ಲಿಸಿ, "ಬರ್ರಿ ಯಪ್ಪಾ, ಊಟ ಮಾಡೂಣು," ಎಂದು ಗಂಟು ಬಿಚ್ಚಿದಳು. ಇವರು ಯಾರು ಗೊತ್ತೇನು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಬೇಡವೆಂದು ಕಣ್ಸನ್ನೆ ಮಾಡಿದರು. ಖಡಕ್ ರೊಟ್ಟಿಯನ್ನು ಎರಡೂ ಕೈಯಿಂದ ಮುರಿದು ಆಕೆ ನಮಗೆ ಕೊಟ್ಟಳು. ಸಾಹೇಬರು ಪುಂಡಿಪಲ್ಯೆಯನ್ನು ಇನ್ನೊಮ್ಮೆ ಕೇಳಿ ಹಾಕಿಸಿಕೊಂಡರು.

ಆಮೇಲೆ ನಾನು ಅವರನ್ನು ಕಾಣಲಿಲ್ಲ.