ಏಳನೇ ಸ್ಥಾನದ ಪಂದ್ಯದಲ್ಲಿ ಎದ್ದು ನಿಂತವರು

ನಮ್ಮ ಸರ್ ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ವರ್ಷಗಟ್ಟಲೆ ಗಡಿಯಾರದ ಗುಂಡಿ ಒತ್ತಿ ಹಾಗಾಗಿದೆ ಎಂದು ನಾವು ನಂಬಿದ್ದೆವು. ನಿಜದಲ್ಲಿ ಸಣ್ಣವರಿದ್ದಾಗ ಬಾಗಿಲ ಸಂದಿಗೆ ಸಿಕ್ಕಿತ್ತಂತೆ. ಅವರು ಖಾನಾಪುರದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರು. ಪ್ರತಿ ರವಿವಾರ ಬಸ್ಸಿನಲ್ಲಿ ಬೆಳಗಾವಿಗೆ ಬಂದು, ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಅಂಗಳದ ಪಕ್ಕದ ಮೇಜಿಗೆ ಕುಳಿತು ಅಂಕ ಬರೆಯುವುದನ್ನೂ ಸಮಯ ನೋಡುವುದನ್ನೂ ನಮಗೆ ಕಲಿಸುತ್ತಿದ್ದರು. ಅದೇ ಊರಿನ ಶಿವಬಸವ ನಗರದಿಂದ ನಾನು ಹೋಗುವುದು ಐದು ನಿಮಿಷ ತಡವಾದರೂ ಅಂಕದ ಹಾಳೆ ಕೊಡುತ್ತಿರಲಿಲ್ಲ. ಕಾಟು ಹೊಡೆದರೆ, "ಏನ ತಂಗಿ, ಅಂಕ ಬರದೀಯೋ ರಂಗೋಲಿ ಹಾಕೀಯೋ?" ಎಂದು ಎಲ್ಲರೆದುರು ಕೇಳಿ ಇಡೀ ಹಾಳೆ ಮತ್ತೆ ಬರೆಸುತ್ತಿದ್ದರು. "ಮೇಜಿಗೆ ಕುಂತವ್ರು ಯಾರಿಗೂ ಕಾಣಬಾರದು. ಕಂಡ್ರ, ಏನೋ ಕೆಡಿಸೇವಿ ಅಂತ ತಿಳಕೊ," ಎನ್ನುತ್ತಿದ್ದರು.

ಬೆಂಗಳೂರಿನಲ್ಲಿ ಏಷ್ಯಾ ಮಟ್ಟದ ಹುಡುಗಿಯರ ಪಂದ್ಯಾವಳಿ ನಡೆದಾಗ ಮೇಜಿನ ಕೆಲಸಕ್ಕೆ ಅವರಿಗೂ ನನಗೂ ಕರೆ ಬಂತು. ದೇಶದ ತಂಡದಲ್ಲಿ ಅವರೇ ಕಲಿಸಿದ ಖಾನಾಪುರದ ಹುಡುಗಿಯೊಬ್ಬಳಿದ್ದಳು. ಪದಕದ ಆಸೆ ಮೊದಲೇ ಮುಗಿದಿತ್ತು. ಉಳಿದದ್ದು ಏಳನೇ ಸ್ಥಾನದ ಪಂದ್ಯ. ಸೋತು ಎಂಟನೆಯವರಾದರೆ ಮುಂದಿನ ಸಲ ಕೆಳಗಿನ ವಿಭಾಗದಲ್ಲಿ ಆಡಬೇಕು.

ಮೇಜಿನ ಮೇಲೆ ಒಂದು ಬಾಣವಿರುತ್ತದೆ. ಇಬ್ಬರು ಒಟ್ಟಿಗೇ ಚೆಂಡು ಹಿಡಿದು ಬಿಡದಿದ್ದರೆ, ಬಾಣ ತೋರಿಸುವ ತಂಡಕ್ಕೆ ಚೆಂಡು. ಕೊನೆಯ ಮೂರು ಕ್ವಾರ್ಟರ್‌ಗಳೂ ಬಾಣ ತೋರಿಸಿದ ತಂಡದಿಂದಲೇ ಶುರು. ಆ ತಂಡ ಗೆರೆಯ ಹೊರಗಿನಿಂದ ಚೆಂಡು ಒಳಗೆ ಹಾಕಿದ ಕೂಡಲೇ ಬಾಣವನ್ನು ಎದುರಿನ ತಂಡದ ಕಡೆ ತಿರುಗಿಸಬೇಕು. ಅದು ಅಂಕ ಬರೆಯುವವಳ ಕೆಲಸ, ಎಂದರೆ ನನ್ನದು. ನಾಲ್ಕನೇ ಕ್ವಾರ್ಟರ್ ಶುರುವಾದಾಗ ಚೆಂಡು ಹಾಕಿದವರು ನಮ್ಮವರು. ಕ್ವಾರ್ಟರ್ ಬದಲಾದರೆ ಶಾಯಿಯ ಬಣ್ಣವೂ ಬದಲಾಗಬೇಕು. ನಾನು ಕೆಂಪು ಪೆನ್ನು ಬಿಟ್ಟು ನೀಲಿ ತೆಗೆಯುತ್ತಿದ್ದೆ. ಮುಚ್ಚಳ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡೆ. ಬಾಣ ತಿರುಗಿಸಲಿಲ್ಲ.

ಒಂಬತ್ತು ಸೆಕೆಂಡು ಉಳಿದಿದ್ದವು. ನಾವು ಒಂದು ಅಂಕ ಮುಂದಿದ್ದೆವು. ಖಾನಾಪುರದ ಹುಡುಗಿಯೂ ಎದುರಾಳಿ ಹುಡುಗಿಯೊಬ್ಬಳೂ ಒಂದೇ ಚೆಂಡಿಗೆ ಜೋತುಬಿದ್ದರು. ರೆಫರಿ ಸೀಟಿ ಊದಿ, ಬಾಣ ನೋಡಿ, ಚೆಂಡು ನಮಗೆ ಎಂದು ಕೈ ತೋರಿಸಿದ.

ಪಕ್ಕದಲ್ಲಿ ಸಮಯ ನೋಡುತ್ತಿದ್ದ ಸರ್ ನನ್ನ ಕಡೆ ತಿರುಗಿದರು.

"ಈ ಕ್ವಾರ್ಟರ್ ಚೆಂಡ ಹಾಕಿದವ್ರು ಯಾರು?"

"ನಮ್ಮವ್ರು."

"ಮತ್ತ ಬಾಣ?"

"ಬಿಡ್ರಿ ಸರ್, ಯಾರೂ ನೋಡಿಲ್ಲ," ಎಂದೆ. ಈ ಮಾತು ನಾನು ಆಡಿದ್ದು ನಿಜ.

ಅವರು ಹಾರ್ನ್ ಒತ್ತಿ ಎದ್ದು ನಿಂತರು.

ಬಾಣ ತಪ್ಪಿದೆ ಎಂದು ರೆಫರಿಗೆ ಹೇಳಿದರು. ಚೆಂಡು ಎದುರಾಳಿಗಳಿಗೆ ಹೋಯಿತು. ಅವರು ಬುಟ್ಟಿಗೆ ಹಾಕಿದರು. ಒಂದು ಅಂಕದಿಂದ ಸೋತೆವು. ಮೇಲೆ ಕುಳಿತ ಪ್ರೇಕ್ಷಕರಿಂದ ಬೈಗುಳ ಬಂತು, ನೀರಿನ ಬಾಟಲಿಯೊಂದು ಬಂದು ಅವರ ಭುಜಕ್ಕೆ ಬಡಿಯಿತು. ವಿಚಾರಿಸಿದವರಿಗೆ ಅವರು ಹೇಳಿದ್ದು ಇಷ್ಟೇ: "ಮೇಜಿನಾಗ ಹಿರಿಯ ನಾನು. ತಪ್ಪು ನಂದು." ನಾನು ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆಯಲಿಲ್ಲ.

ಅವರು ಎದ್ದು ನಿಂತದ್ದರ ವಿಡಿಯೊ ಅವರಿಗಿಂತ ಮೊದಲೇ ಖಾನಾಪುರ ಮುಟ್ಟಿತ್ತು. "ಬಾಣದ ಮಾಸ್ತರ್ ಬಂದ್ರು, ದಿಕ್ಕ ಕೇಳ್ಕೋರ್ರಪಾ!" ಎಂದು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂಗುತ್ತಿದ್ದರು. ಮುಂದಿನ ವಾರ ನಾನು ಖಾನಾಪುರಕ್ಕೆ ಸರ್ ಅವರನ್ನು ನೋಡಲು ಹೋದಾಗ ಹುಡುಗಿಯ ತಂದೆ ಶಾಲೆಯ ಮೈದಾನಕ್ಕೇ ಬಂದರು.

"ನನ್ನ ಮಗಳು ಅಳೂದು ನಿಂತಿಲ್ಲ. ಒಂದ ಗಳಿಗಿ ಬಾಯಿ ಮುಚ್ಚಿದ್ರ ನಿಮ್ಮ ಗಂಟೇನ್ ಹೋಗತಿತ್ತು?"

"ಆಕಿಗೆ ಸುಳ್ಳ ಗೆಲವು ಕಲಿಸಿಲ್ರಿ ನಾ."

"ಸೋಲೂದು ಕಲಿಸೀರಲ್ಲ, ಸಾಕು."

ಸರ್ ನನ್ನ ಕಡೆ ನೋಡಲಿಲ್ಲ. ನಾನು ನೆಲ ನೋಡುತ್ತಿದ್ದೆ. ಅದಾದ ಮೇಲೆ ಅವರ ಮೈದಾನಕ್ಕೆ ಮಕ್ಕಳು ಬರುವುದು ನಿಂತಿತು. ನಾನೂ ಬೆಳಗಾವಿಯ ರವಿವಾರದ ಪಾಠಕ್ಕೆ ಹೋಗುವುದನ್ನು ಬಿಟ್ಟೆ. ಅವರು ಫೋನ್ ಮಾಡಿದಾಗ, ಆಫೀಸಿನಲ್ಲಿ ಕೆಲಸ ಹೆಚ್ಚಾಗಿದೆ ಎಂದೆ.

ಎರಡು ವರ್ಷದ ಮೇಲೆ, ಬೆಳಗಿನ ಹೊತ್ತು ಸರ್ ಎದೆನೋವು ಬಂದು ತೀರಿಕೊಂಡರು. ಮೂರನೇ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ನಿಂತರು. ಒಳಗೆ ಬಾ ಎನ್ನಲಿಲ್ಲ.

"ಕಾಕೂ, ಬಾಣ ತಿರಗಸೂದು ನನ್ನ ಕೆಲಸ ಇತ್ರಿ. ತಪ್ಪ ನಂದು."

"ಗೊತ್ತೈತಿ," ಎಂದರು. "ಬಂದ ದಿನಾನ ಹೇಳಿದ್ರು. ಊರಿಗೆಲ್ಲ ಹೇಳಿ ಬರ್ತೀನಿ ಅಂದ್ನಿ ನಾ. ಬ್ಯಾಡ, ಆಕೀನ ಬಂದ ಹೇಳ್ತಾಳ ಅಂದ್ರು. ಎರಡ ವರ್ಷ ಹಾದಿ ನೋಡಿದ್ರು."

ನಾನು ಕಾಲಿಗೆ ಬಗ್ಗಿದೆ, ಅವರು ಹಿಂದೆ ಸರಿದರು.

"ನನಗ ಹೇಳಿ ಏನ್ ಮಾಡ್ತಿ? ಹೋಗು, ಚಹಾದಂಗಡಿ ಮುಂದ ನಿಂತು ಹೇಳು."

ನಿಲ್ದಾಣದ ತನಕ ನಡೆದೆ. ಅಂಗಡಿಯ ಮುಂದೆ ಐದಾರು ಜನ ಇದ್ದರು. ಬೆಳಗಾವಿ ಬಸ್ಸು ಹೊರಡುವುದರಲ್ಲಿತ್ತು. ಹತ್ತಿ ಕುಳಿತುಬಿಟ್ಟೆ.

ಅಲ್ಲಿ ಆಡಬೇಕಿದ್ದ ಮಾತನ್ನು ಇಲ್ಲಿ ಬರೆದಿದ್ದೇನೆ. ಖಾನಾಪುರದವರು ಓದಬೇಕು.