ಕಬ್ಬಿಣದ ಔಷಧವೂ ನನ್ನ ಇಂಗ್ಲಿಷೂ

ನನ್ನ ಏಳು ವರ್ಷದ ಮಗಳು ಬಳಪ ತಿನ್ನುತ್ತಿದ್ದಳು. ಕದ್ದುಮುಚ್ಚಿ ಅಲ್ಲ, ಚುರುಮುರಿ ತಿಂದಷ್ಟೇ ಸಲೀಸಾಗಿ. ರಕ್ತ ಪರೀಕ್ಷೆ ಮಾಡಿಸಿದ ಮಕ್ಕಳ ಡಾಕ್ಟರು, ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಿದೆ ಎಂದು ಒಂದು ಬಾಟಲಿ ಔಷಧ ಬರೆದುಕೊಟ್ಟರು. ದಿನಕ್ಕೊಮ್ಮೆ, ಬೆಳಿಗ್ಗೆ. ಹೇಗೆ ಕೊಡಬೇಕೆಂದೂ ಹೇಳುತ್ತಿದ್ದರು. ನಾನು ಆಗ ಅದೇ ಔಷಧದ ಬಗ್ಗೆ ಮೊಬೈಲಿನಲ್ಲಿ ಓದುವುದರಲ್ಲಿ ಮುಳುಗಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಿಗೆ ಯಾರಾದರೂ ಏನು ಹೇಳಿಕೊಡುವುದಿದೆ!

ಮನೆಯಲ್ಲಿ ಅತ್ತೆ ಬಾಟಲಿ ತೆರೆದು ಮೂಸಿ ನೋಡಿದರು. ಹೆಬ್ಬಳ್ಳಿಯ ಒಕ್ಕಲುತನದ ಮನೆಯಲ್ಲಿ ಬೆಳೆದವರು ಅವರು.

“ಕಬ್ಬಿಣ ಅಂದ್ರ ಕುಡಗೋಲು, ಕುರಪಿ. ಅದನ್ನ ಕೂಸಿಗೆ ಕುಡಸ್ತಿಯೇನು? ಉಷ್ಣ ಆಗತೈತಿ ನೋಡು.”

ಅಂದಿನಿಂದಲೇ ನನಗೆ ಅವರ ಮೇಲೆ ಗುಮಾನಿ. ಬರಿಯ ಔಷಧ ಬಾಯಿಗಿಟ್ಟರೆ ಮಗಳು ಉಗುಳುತ್ತಿದ್ದಳು, ಚಹಾ ಅಂದರೆ ಪ್ರಾಣ ಬಿಡುತ್ತಿದ್ದಳು. ಹಾಗಾಗಿ ಅವಳ ಚಹಾದಲ್ಲೇ ಬೆರೆಸಿಟ್ಟು ನಾನು ಶಾಲೆಗೆ ಓಡುತ್ತಿದ್ದೆ, ಕುಡಿಸುವುದು ಅತ್ತೆಯ ಕೆಲಸ. ಚಹಾ ಮಸಿಯಂತೆ ಕಪ್ಪಾಗುತ್ತಿತ್ತು. ಔಷಧಕ್ಕೆ ಭಾರಿ ಶಕ್ತಿಯಿದೆ ಎಂದು ನಾನು ಹಿಗ್ಗುತ್ತಿದ್ದೆ.

ಎರಡು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆಯಾಯಿತು. ಏನೂ ಏರಿರಲಿಲ್ಲ. ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. ಅವರ ಮಗನಿಗೆ ನಾನು ಟೀಚರು, ಹಾಗಾಗಿ ಅವರ ಬಾಯಲ್ಲೂ ನಾನು ‘ಬಾಯಾರು’.

“ಬ್ಯಾರೆ ಔಷಧ ಬರೀತೇನ್ರಿ ಬಾಯಾರ. ಅದಕ್ಕೂ ಏರಲಿಲ್ಲಂದ್ರ ಸಲಾಯಿನ್ ಹಚ್ಚಿ ಕೊಡಬೇಕಾಗತೈತಿ.”

ಸಲಾಯಿನ್ ಎಂದದ್ದೇ ಮಗಳು ‘ಆಯಿ’ ಎನ್ನುತ್ತ ಅಜ್ಜಿಯ ಸೆರಗಿನೊಳಗೆ ಸೇರಿದಳು. ಆ ಪುಟ್ಟ ಕೈಗೆ ಸೂಜಿ ಚುಚ್ಚುವುದನ್ನು ನೆನೆದು ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆ ಪಕ್ಕದಲ್ಲೇ ಕುಳಿತಿದ್ದರಿಂದ ಇಂಗ್ಲಿಷಿನಲ್ಲಿ ಶುರು ಮಾಡಿದೆ. ನನ್ನ ಮದರ್-ಇನ್-ಲಾಗೆ ಈ ಔಷಧದ ಮೇಲೆ ನಂಬಿಕೆಯಿಲ್ಲ, ನಾನಿಲ್ಲದಾಗ ಬಚ್ಚಲಿಗೆ ಸುರಿಯುತ್ತಾರೆಂದು ನನಗೆ ಅನುಮಾನ ಎಂದೆಲ್ಲ ಹೇಳಿದೆ. ಅತ್ತೆ ಗೋಡೆಯ ಮೇಲಿನ ಹಲ್ಲುಜ್ಜುವ ಚಿತ್ರ ನೋಡುತ್ತಿದ್ದರು.

ಡಾಕ್ಟರು ಮಗಳ ಕಡೆ ಬಾಗಿದರು. “ಪುಟ್ಟಿ, ಔಷಧ ಪೂರಾ ಕುಡೀತಿಯೇನ?”

“ಹ್ಞೂಂರಿ. ಆಯಿ ಕಪ್ಪಿನ ತಳದಾಗಿಂದೂ ಬಿಡಂಗಿಲ್ಲ.”

“ಯಾವ ಕಪ್ಪು?”

“ಚಹಾದ್ದು.”

ಡಾಕ್ಟರ ಪೆನ್ನು ನಿಂತಿತು. “ಚಹಾದಾಗ ಹಾಕಿ ಕೊಟ್ಟವ್ರು ಯಾರು?”

ಮಗಳು ನನ್ನ ಕಡೆ ತಿರುಗಿ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ, “ನಾನರೀ,” ಎಂದರು.

ಆಮೇಲೆ ಡಾಕ್ಟರು ಅತ್ತೆಗೆ ಪಾಠ ಮಾಡಿದರು. ಚಹಾ, ಹಾಲು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಲಿಂಬು ನೀರಿನಲ್ಲಿ ಕೊಡಬೇಕು, ಮೊದಲ ದಿನವೇ ಹೇಳಿದ್ದೆ ಎಂದರು. ಅತ್ತೆ ತಲೆ ತಗ್ಗಿಸಿ “ತಪ್ಪಾತ್ರಿ, ತಪ್ಪಾತ್ರಿ” ಎನ್ನುತ್ತಿದ್ದರು. ಮಂದಿಯ ಎಲೆಯ ನೊಣ ಹುಡುಕಲು ಹೊರಟವಳ ಎಲೆಯಲ್ಲೇ ಹೆಗ್ಗಣ ಸತ್ತು ಬಿದ್ದಿತ್ತು. ಈಗ ಹಲ್ಲುಜ್ಜುವ ಚಿತ್ರ ನೋಡುವ ಸರದಿ ನನ್ನದಾಯಿತು. ಹೊಸ ಔಷಧದ ಹೆಸರಿನ ಮೇಲೆ ಡಾಕ್ಟರು ಗೀಟೆಳೆದರು, ಹಳೆಯದೇ ಸಾಕೆಂದರು.

ಹೊರಗೆ ಚಪ್ಪಲಿ ಮೆಟ್ಟುವಾಗ ಕೇಳಿದೆ. “ಅತ್ತಿ, ಸುಳ್ಳ ಯಾಕ ಹೇಳಿದ್ರಿ?”

“ಮತ್ತೇನ ಮಾಡ್ಲಿ? ತಪ್ಪು ನಂದು ಅಂತ ನೀ ಮೊದಲ ಹೇಳಿಬಿಟ್ಟಿದ್ದಿ. ಮದರ್-ಇನ್-ಲಾ ಅಂದ್ರ ಯಾರು ಅಂತ ನನಗ ತಿಳಿಯಂಗಿಲ್ಲೇನು? ಆ ಡಾಕ್ಟರ್ ಮಗ ನಿನ್ನ ಕಡೇನ ಕಲೀತಾನ. ನಾಳಿ ಅವ್ರ ಮನ್ಯಾಗ ನಿನ್ನ ಮಾತಿಗೆ ಏನ ಕಿಮ್ಮತ್ತು ಉಳೀತೈತಿ?”

ನಾಚಿಕೆಯಿಂದ ನನಗೆ ಅಳುವೇ ಬಂತು. ಒಂದೇ ಕಾಲಿನ ಚಪ್ಪಲಿಯಲ್ಲಿ ಒಳಗೆ ನುಗ್ಗಿದೆ. ಡಾಕ್ಟರ ಮುಂದೆ ಆಗಲೇ ಬೇರೊಂದು ಕೂಸು ಅಳುತ್ತಿತ್ತು. ಅದರ ದನಿಗಿಂತ ನನ್ನದನ್ನು ಏರಿಸಿ, ಈ ಸಲ ಅಚ್ಚ ಧಾರವಾಡದ ಕನ್ನಡದಲ್ಲಿ ಹೇಳಿದೆ.

“ಡಾಕ್ಟರ್, ಚಹಾದಾಗ ಹಾಕಿದಾಕಿ ನಾನರೀ! ನಮ್ಮ ಅತ್ತಿದು ಏನೂ ತಪ್ಪಿಲ್ಲ. ಸುಳ್ಳ ಹೇಳ್ಯಾರ ಅವ್ರು!”

ಹೊರಗಿನ ಬೆಂಚುಗಳ ಮೇಲಿದ್ದವರೆಲ್ಲ ಒಳಗೆ ಇಣುಕಿದರು. ಡಾಕ್ಟರು ನಗು ತಡೆದುಕೊಂಡು, “ಕೂಸಿನ ಮಾರಿ ನೋಡಿದಾಗನ ಗೊತ್ತಾತ್ರಿ ಬಾಯಾರ,” ಎಂದರು.

ತಿರುಗಿದರೆ ಬಾಗಿಲಲ್ಲಿ ಅತ್ತೆ ಕೆಂಡವಾಗಿ ನಿಂತಿದ್ದರು.

“ಇಷ್ಟು ಮಂದಿ ಮುಂದ ನನ್ನ ಸುಳ್ಳಬುರಕಿ ಮಾಡಿದ್ಯಲ್ಲ! ನಿನಗ ಬುದ್ಧಿ ಯಾವಾಗ ಬರತೈತಿ?”

ರಿಕ್ಷಾ ಸಿಗುವವರೆಗೂ ಬೈದರು. ಮದುವೆಯಾದ ಹತ್ತು ವರ್ಷಗಳಲ್ಲಿ ಅದೊಂದೇ ಸಲ ನಾನು ಎದುರು ಮಾತಾಡಲಿಲ್ಲ.