ಎಂಟು ಬಿಟ್ಟು ಒಂಬತ್ತು

ಆಯುಧಪೂಜೆ ಮುಗಿದು ಎಷ್ಟೋ ದಿನವಾದರೂ ನಮ್ಮ ಆಫೀಸಿನ ಸರ್ವರ್ ಕೋಣೆಯಿಂದ ಕರ್ಪೂರದ ವಾಸನೆ ಹೋಗಿಲ್ಲ. ಬೆಂಕಿ ಹಚ್ಚಬಾರದೆಂಬ ಫಲಕದ ಕೆಳಗೇ ನಿಂತು ಆರತಿ ಎತ್ತುವ ಜಾಣರು ನಾವು. ಇಂಥದ್ದೊಂದು ಪದ್ಧತಿ ಹಾಕಿಕೊಟ್ಟವರು ಗೋವಿಂದರಾಜು ಸಾರ್. ಇವತ್ತು ಬಾಗಿಲು ತೆಗೆದಾಗ ವಾಸನೆ ಮೂಗಿಗೆ ಬಡಿದದ್ದೇ ತಡ, ಅವರು ನೆನಪಾದರು.

ನನ್ನ ಕೆಲಸ ಏನೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಡೆಲಿವರಿ. ಇಂದಿರಾನಗರದಲ್ಲಿ ಹೀಗೆಂದರೆ ಜನ ನನ್ನ ಬೆನ್ನಿನ ಮೇಲೆ ಬಿರಿಯಾನಿ ಚೀಲ ಹುಡುಕುತ್ತಾರೆ. ನಾನು ತಲುಪಿಸುವುದು ಬಾಹ್ಯಾಕಾಶಕ್ಕೆ ಹೋಗುವ ಉಪಕರಣಗಳ ಕ್ಯಾಲಿಬ್ರೇಶನ್ ಫೈಲು ಮತ್ತು ಅದನ್ನು ಓದುವ ಸಾಫ್ಟ್‌ವೇರು. ಹೆದರಬೇಡಿ. ರಸೆಲ್ ಮಾರುಕಟ್ಟೆಯಲ್ಲಿ ನಮ್ಮಮ್ಮ ಬೀನ್ಸ್ ಕೊಳ್ಳುವ ಅಂಗಡಿಯ ತಕ್ಕಡಿ ಯಾವಾಗಲೂ ಅಂಗಡಿಯವನ ಪರ. ಅಮ್ಮನಿಗೆ ಅದು ಗೊತ್ತು. ತೂಕವಾದ ಮೇಲೆ ತಾನೇ ಇನ್ನೊಂದು ಹಿಡಿ ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಆ ಒಂದು ಹಿಡಿಯೇ ಕ್ಯಾಲಿಬ್ರೇಶನ್. ಉಪಕರಣ ಎಷ್ಟು ಸುಳ್ಳು ಹೇಳುತ್ತದೆಂದು ಮೊದಲೇ ತಿಳಿದುಕೊಂಡು ಸರಿಮಾಡಿಕೊಳ್ಳುವುದು, ಅಷ್ಟೇ.

ನಮ್ಮಲ್ಲಿ ಆ ಹಿಡಿಯ ಅಳತೆ ಹಾಕುವವಳು ನುಸ್ರತ್. ಶಿವಾಜಿನಗರದ ಬಟ್ಟೆ ವ್ಯಾಪಾರಿಗಳ ಮನೆಯ ಮಗಳು, ನನ್ನ ಜೊತೆಗೇ ಕೆಲಸಕ್ಕೆ ಸೇರಿದವಳು. ಆಗ ನಮ್ಮ ಕೈಯಲ್ಲಿ ಒಂದು ಕ್ಯಾಮೆರಾ ಇತ್ತು. ಬಿಸಿಲಿಗೆ ಕಾದರೆ ಸಾಕು, ಇಲ್ಲದ ಬೆಳಕನ್ನೂ ಇದೆ ಎನ್ನುತ್ತಿತ್ತು. ಆ ರೋಗಕ್ಕೆ ಮದ್ದು ಹುಡುಕುತ್ತಾ ನುಸ್ರತ್ ವರ್ಷಗಟ್ಟಲೆ ಕೂತಳು. ಹೆಣ್ಣು ನೋಡಲು ಬಂದವರನ್ನು ಮನೆಯಲ್ಲಿ ಕೂರಿಸಿ ತಾನು ಲ್ಯಾಬಿನಲ್ಲಿದ್ದಳು; ಅವರು ಸಮೋಸ ತಿಂದು ಎದ್ದು ಹೋದರು. ಕೊನೆಗೂ ಮದ್ದು ಸಿಕ್ಕಿತು. ಏಳನೇ ಆವೃತ್ತಿಯ ಫೈಲಿನಲ್ಲಿ ಅದು ಇರಲಿಲ್ಲ, ಎಂಟನೆಯದರಲ್ಲಿ ಇತ್ತು.

ಅಲ್ಲೇ ಶುರುವಾಯಿತು ನೋಡಿ ತಕರಾರು. ಗೋವಿಂದರಾಜು ಸಾರ್ ಆಗ ನಮ್ಮ ಮುಖ್ಯಸ್ಥರು. ಹಲಸೂರಿನ ಹಳೇ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಇವರ ಬಾಡಿಗೆ ಮನೆಗಳು ಎದ್ದಿವೆ. ಫಿಸಿಕ್ಸಿನಲ್ಲಿ ಡಾಕ್ಟರೇಟ್ ಮಾಡಿದವರು, ಕಾರಿನ ನಂಬರು ಕೂಡಿದರೆ ಎಂಟು ಬರಬಾರದೆಂದು ಆರ್‌ಟಿಓ ಕಚೇರಿಗೆ ಚಪ್ಪಲಿ ಸವೆಸಿದವರೂ ಹೌದು.

"ಎಂಟು ಶನಿ ನಂಬರ್ ಕಣ್ರೀ. ಅದನ್ನ ಹೊತ್ಕೊಂಡು ಹೋಗಿ ಅವನ ಏರಿಯಾದಲ್ಲೇ ಬಿಡೋದಾ? ಒಂಬತ್ತು ಅಂತ ಹಾಕಿ" ಎಂದರು.

"ಸಾರ್, ನಮ್ಮ ಕ್ಯಾಮೆರಾ ಶನಿ ಹತ್ರ ಎಲ್ಲೂ ಹೋಗಲ್ಲ" ಎಂದಳು ನುಸ್ರತ್.

"ಹೋಗೋದ್ ಬೇಡ ಅಂತಾನೇ ನಾನೂ ಹೇಳ್ತಿರೋದಮ್ಮ."

ಎಂಟು ಒಂಬತ್ತಾಯಿತು. ರಾಹುಕಾಲ ಕಳೆದ ಮೇಲೆ ನಾನು ಡೆಲಿವರಿ ಮಾಡಿದೆ.

ಫೈಲು ತೆಗೆದುಕೊಂಡು ಕ್ಯಾಮೆರಾ ಹಾರಿಸುವ ಕಡೆಯವರು ಶಿಸ್ತಿನ ಜನ. ಏಳು ನಮ್ಮಲ್ಲಿದೆ, ಒಂಬತ್ತು ಬಂದಿದೆ, ಎಂಟು ಎಲ್ಲಿ ಎಂದರು. ಎಂಟು ಇಲ್ಲವೇ ಇಲ್ಲ ಎಂದೆವು. ಎಂಟರಲ್ಲಿ ಏನೋ ಎಡವಟ್ಟಾಗಿದೆ, ಮುಚ್ಚಿಡುತ್ತಿದ್ದಾರೆ ಎಂದು ಅವರಿಗೆ ಅನುಮಾನ ಬಂತು. ಸರಿಯಾದ ಕಾರಣ ಹೇಳಿ, ಇಲ್ಲವಾದರೆ ಏಳನ್ನೇ ಹಾಕಿ ಹಾರಿಸುತ್ತೇವೆ ಎಂದುಬಿಟ್ಟರು. ಹಾಗಾಗಿದ್ದರೆ ನುಸ್ರತ್ ಪಟ್ಟ ಪಾಡೆಲ್ಲ ಮಣ್ಣುಪಾಲು.

ಅವರ ಜೊತೆ ಫೋನಿನಲ್ಲಿ ಮಾತಾಡಲು ನಾವು ಮೂವರೂ ಕೂತೆವು. ನುಸ್ರತ್ ದುಪಟ್ಟದ ತುದಿ ತಿರುಚುತ್ತಾ, "ನಕ್ಕೋ, ಬೇಡ ಸಾರ್, ನೀವು ತಲೆ ಕೆಡಿಸ್ಕೋಬೇಡಿ. ನಾನೇ ನಂಬರ್ ತಪ್ಪು ಹಾಕ್ದೆ ಅಂದ್ಬಿಡ್ತೀನಿ" ಎಂದಳು.

ನನಗೆ ರೇಗಿತು. "ಎಣಿಸೋಕೇ ಬರ್ದೇ ಇರೋಳ ಲೆಕ್ಕನ ಯಾರು ನಂಬ್ತಾರೆ? ಆಮೇಲೂ ಏಳನ್ನೇ ಹಾಕ್ತಾರೆ."

ಗೋವಿಂದರಾಜು ಸಾರ್ ಫೋನನ್ನು ತಮ್ಮ ಕಡೆ ಎಳೆದುಕೊಂಡರು. ಆ ಕಡೆ ಕೂತವರಲ್ಲಿ ಅರ್ಧ ಜನ ಅವರ ಶಿಷ್ಯರೇ. "ಎಂಟು ಶನಿ ನಂಬರ್ ಅಂತ ನಾನೇ ಬಿಡ್ಸಿದ್ದಪ್ಪ. ಈ ಹುಡುಗಿ ಬೇಡ ಅಂದ್ಲು, ನಾನು ಕೇಳ್ಲಿಲ್ಲ. ಅವಳ ಲೆಕ್ಕ ಚೊಕ್ಕವಾಗಿದೆ. ಕಾರಣ ಬೇಕಲ್ವಾ, ನನ್ನ ಹೆಸರಲ್ಲೇ ಬರ್ಕೊಳ್ಳಿ."

ಆ ಕಡೆ ಯಾರೋ ಕಿಸಕ್ಕೆಂದರು, ಅದರ ಹಿಂದೆ ಎಲ್ಲರೂ. ಸಾರ್ ಅವರ ಕಿವಿ ಕೆಂಪಗಾಗಿತ್ತು. ಮೀಟಿಂಗ್ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಅವರನ್ನು ಅಣಕಿಸಬೇಕೆಂದು ನಾನು ಮಾತು ಹೊಂದಿಸಿಕೊಂಡಿದ್ದೆ; ಆಡಲು ಮನಸ್ಸಾಗಲಿಲ್ಲ. ಎಂಟರ ಜಾಗಕ್ಕೆ ಖಾಲಿ ಫೈಲೊಂದನ್ನು ಕೊಡಿ, ಒಂಬತ್ತನ್ನು ತಗೊಳ್ಳುತ್ತೇವೆ ಎಂದು ಆ ಕಡೆಯವರು ಒಪ್ಪಿದರು. "ಖಾಲಿ ಆದ್ರೆ ಕೊಡಿ, ಶನಿ ಏನನ್ನ ಹಿಡೀತಾನೆ?" ಎಂದು ಸಾರ್ ಕೂಡ ಒಪ್ಪಿದರು. ಕ್ಯಾಮೆರಾ ಮೇಲೆ ಹೋಯಿತು. ಚಿತ್ರಗಳು ನಿಚ್ಚಳವಾಗಿ ಬಂದವು. ನುಸ್ರತ್ ಮನೆಯಿಂದ ಡಬ್ಬಿ ತುಂಬ ಗಾಜರ್ ಹಲ್ವಾ ಬಂತು. ನೋಡಲು ಬಂದಿದ್ದವರು ಮಾತ್ರ ಮತ್ತೆ ಬರಲಿಲ್ಲ.

ಇದೆಲ್ಲ ನೆನಪಾಗಿ ಇವತ್ತು ಮಧ್ಯಾಹ್ನ ಗೋವಿಂದರಾಜು ಸಾರ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿ ಹಲಸೂರಿನಲ್ಲಿ ಬಾಡಿಗೆದಾರರ ಜೊತೆ ನೀರಿನ ಜಗಳ ಆಡಿಕೊಂಡು ಆರಾಮಾಗಿದ್ದಾರೆ.

"ಈಗಿನ ಉಪಕರಣದ್ದು ಎಷ್ಟನೇ ಆವೃತ್ತಿಗೆ ಬಂತ್ರೀ?"

"ಹದಿನಾರು ಸಾರ್."

"ಮುಂದಿನದಕ್ಕೆ ಹುಷಾರು. ಒಂದೂ ಏಳೂ ಕೂಡಿದ್ರೆ ಎಂಟು."

ಫೋನಿಟ್ಟು, ನಗುವನ್ನು ಹಂಚಿಕೊಳ್ಳೋಣವೆಂದು ನುಸ್ರತ್ ಕೋಣೆಗೆ ಹೋದೆ. ಸಾರ್ ಅವರ ಕುರ್ಚಿಯಲ್ಲಿ ಈಗ ಕೂರುವವಳು ಅವಳೇ. ಅವಳಿಗೆ ಶನಿಯೂ ಇಲ್ಲ, ರಾಹುಕಾಲವೂ ಇಲ್ಲ. ಸಾರ್ ಅವರನ್ನು ಎಲ್ಲರಿಗಿಂತ ಹೆಚ್ಚು ಗೋಳು ಹೊಯ್ದುಕೊಂಡವಳೂ ಅವಳೇ. ಸಾರ್ ಹೇಳಿದ್ದನ್ನು ಹೇಳಿದೆ. ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು. ಹದಿನೇಳು ಖಾಲಿ ಮಾಡಿಟ್ಟಿದ್ದೀನಿ, ಕಳಿಸ್ಬಿಡು."

"ಯಾಕೆ ಖಾಲಿ ಅಂತ ಕಾರಣ ಕೇಳ್ತಾರೆ ಕಣೆ."

"ಕೇಳಿದ್ರೆ ನನ್ನ ಹೆಸರು ಹೇಳು."